ಎರಡು ಪುಸ್ತಕ ಭಂಡಾರಗಳು

ಮೈಸೂರಿನ ಕೃಷ್ಣರಾಜ ಬುಲೆವಾರ್ಡ್ ರಸ್ತೆಯಲ್ಲಿ, ಮಹಾರಾಜ ಕಾಲೇಜಿನ ನೆರೆಯಲ್ಲಿ, ಎತ್ತರದ ಕಂಬಗಳ ಒಂದು ಹಳೆಯ ಕಟ್ಟಡವಿದೆ. ಇಂದು ಅದರ ಹೆಸರು ಪ್ರಾಚ್ಯವಿದ್ಯಾ ಸಂಶೋಧನಾಲಯ. ಹಳೆಯ ತಲೆಮಾರಿನವರ ಬಾಯಲ್ಲಿ ಅದು ಈಗಲೂ ‘ಓರಿಯಂಟಲ್ ಲೈಬ್ರರಿ’. ಮೈಸೂರು ವಿಶ್ವವಿದ್ಯಾಲಯ ಹುಟ್ಟುವುದಕ್ಕೆ ಇಪ್ಪತ್ತೈದು ವರ್ಷ ಮೊದಲೇ ಹುಟ್ಟಿ, ಆಮೇಲೆ ಅದರ ಮಡಿಲಿಗೆ ಬಂದು ಬಿದ್ದ ಗ್ರಂಥಾಲಯ ಅದು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಜಗತ್ತಿಗೆ ಕೊಟ್ಟ ಮನೆಯೆಂದು ಎಲ್ಲರೂ ಅದನ್ನು ಬಲ್ಲರು. ಆ ಹೆಮ್ಮೆ ನಮ್ಮದೂ ಹೌದು. ಆದರೆ ‘ಓರಿಯಂಟಲ್ ಲೈಬ್ರರಿ’ ಎಂಬ ಹೆಸರು ಮೈಸೂರಿನ ಚರಿತ್ರೆಯಲ್ಲಿ ಅದಕ್ಕೂ ಮೊದಲು ಒಮ್ಮೆ ಬಂದು ಹೋಗಿದೆ ಎಂಬುದು ಎಷ್ಟು ಜನರಿಗೆ ನೆನಪಿದೆ?

1809ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಒಂದು ದಪ್ಪ ಪುಸ್ತಕ ಅಚ್ಚಾಯಿತು. ಬರೆದವರು ಚಾರ್ಲ್ಸ್ ಸ್ಟೀವರ್ಟ್, ಈಸ್ಟ್ ಇಂಡಿಯಾ ಕಂಪನಿಯ ಕಾಲೇಜಿನಲ್ಲಿ ಪೌರ್ವಾತ್ಯ ಭಾಷೆಗಳನ್ನು ಕಲಿಸುತ್ತಿದ್ದವರು. ಆ ಪುಸ್ತಕ ಮೈಸೂರಿನ ಟಿಪ್ಪು ಸುಲ್ತಾನನ ಓರಿಯಂಟಲ್ ಲೈಬ್ರರಿಯ ವಿವರವಾದ ಪಟ್ಟಿ. ಪಟ್ಟಿ ಅಚ್ಚಾಗುವ ಹೊತ್ತಿಗೆ ಸುಲ್ತಾನ ತೀರಿ ಹತ್ತು ವರ್ಷವಾಗಿತ್ತು. ಪುಸ್ತಕಗಳು ಕಾವೇರಿ ದಾಟಿ ಹೋಗಿದ್ದವು.

ಈ ಎರಡು ಲೈಬ್ರರಿಗಳನ್ನು ಜೊತೆಯಲ್ಲಿಟ್ಟು ನೋಡಿದವರು ಕಡಿಮೆ. ಒಂದನ್ನು ಟಿಪ್ಪುವಿನ ಅಧ್ಯಾಯದಲ್ಲಿ ಓದುತ್ತೇವೆ, ಇನ್ನೊಂದನ್ನು ಒಡೆಯರ ಅಧ್ಯಾಯದಲ್ಲಿ. ಉರ್ದು ಶಾಲೆಯಲ್ಲಿ ಅಲಿಫ್ ಬೇ ಕಲಿತು, ಕನ್ನಡ ಶಾಲೆಯಲ್ಲಿ ಅ ಆ ತಿದ್ದಿದ ನಮ್ಮಂಥವರಿಗೆ ಎರಡೂ ಒಂದೇ ನಾಡಿನ ಕತೆಯಾಗಿಯೇ ಕಾಣುತ್ತವೆ.

ಶ್ರೀರಂಗಪಟ್ಟಣದಿಂದ ಹೋದ ಪುಸ್ತಕಗಳು

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಕೋಟೆಯೊಳಗೆ ಸಿಕ್ಕ ಒಡವೆ, ಆಯುಧ, ಸಿಂಹಾಸನದ ತುಂಡುಗಳ ಜೊತೆ ಸುಮಾರು 2000 ಸಂಪುಟಗಳ ಪುಸ್ತಕ ಭಂಡಾರವೂ ಗೆದ್ದವರ ಕೈಸೇರಿತು. ಕುರ್‌ಆನ್ ಮತ್ತು ಅದರ ವ್ಯಾಖ್ಯಾನಗಳು, ಹದೀಸ್, ಸೂಫಿ ಗ್ರಂಥಗಳು, ನೀತಿ, ಕಾವ್ಯ, ಚರಿತ್ರೆ, ನಿಘಂಟು, ವೈದ್ಯ, ಗಣಿತ, ಖಗೋಳ ಹೀಗೆ ಸ್ಟೀವರ್ಟ್ ಅವನ್ನು ವಿಷಯವಾರು ವಿಂಗಡಿಸಿದರು. ಹೆಚ್ಚಿನವು ಫಾರಸಿ ಮತ್ತು ಅರಬ್ಬಿಯವು, ದಖನಿಯವೂ ಇದ್ದವು. ಶ್ರೀರಂಗಪಟ್ಟಣದಲ್ಲಿ ಹೊಸದಾಗಿ ರಟ್ಟು ಕಟ್ಟಿಸಿದ ಪುಸ್ತಕಗಳಿಗೆ ಒಂದು ಗುರುತಿತ್ತು. ಚರ್ಮದ ಹೊದಿಕೆಯ ನಡುವೆ ಅಲ್ಲಾಹ, ಮುಹಮ್ಮದ್, ಫಾತಿಮಾ, ಹಸನ್, ಹುಸೈನ್ ಎಂಬ ಹೆಸರುಗಳು, ನಾಲ್ಕು ಮೂಲೆಗಳಲ್ಲಿ ನಾಲ್ವರು ಖಲೀಫರ ಹೆಸರುಗಳು, ಮೇಲ್ಭಾಗದಲ್ಲಿ ‘ಸರ್ಕಾರ್-ಎ-ಖುದಾದಾದ್’ ಎಂಬ ಮುದ್ರೆ.

ಈ ಭಂಡಾರ ಹಲವು ಪಾಲಾಯಿತು. ದೊಡ್ಡ ಪಾಲು ಕಲ್ಕತ್ತೆಗೆ ಹೋಯಿತು. ಗವರ್ನರ್ ಜನರಲ್ ವೆಲ್ಲೆಸ್ಲಿ 1800ರಲ್ಲಿ ಅಲ್ಲಿ ಫೋರ್ಟ್ ವಿಲಿಯಂ ಕಾಲೇಜು ತೆರೆದಿದ್ದ. ಕಂಪನಿಯ ಎಳೆಯ ಅಧಿಕಾರಿಗಳು ಫಾರಸಿ ಕಲಿತು ಈ ದೇಶವನ್ನು ಆಳಲು ತಯಾರಾಗುತ್ತಿದ್ದುದು ಅಲ್ಲಿ. ಅವರ ಎದುರು ಬಂದು ಕೂತವು ಟಿಪ್ಪುವಿನ ಪುಸ್ತಕಗಳು. ಕಾಲೇಜು ಮುಚ್ಚುವ ಕಾಲಕ್ಕೆ ಅವು ಏಷ್ಯಾಟಿಕ್ ಸೊಸೈಟಿಗೆ ಸೇರಿದವು. ಇನ್ನೊಂದು ಪಾಲು ಲಂಡನ್ನಿನ ಕಂಪನಿ ಲೈಬ್ರರಿಗೆ ಹೋಯಿತು, ಕೆಲವು ಆಕ್ಸ್‌ಫರ್ಡ್, ಕೇಂಬ್ರಿಜ್ ವಿಶ್ವವಿದ್ಯಾಲಯಗಳಿಗೆ. ಟಿಪ್ಪು ತನ್ನ ಕನಸುಗಳನ್ನು ಸ್ವಂತ ಕೈಯಲ್ಲಿ ಬರೆದಿಟ್ಟ ಪುಸ್ತಕ ಇಂದು ಬ್ರಿಟಿಷ್ ಲೈಬ್ರರಿಯಲ್ಲಿದೆ. ಮೈಸೂರಿನ ವಿದ್ಯಾರ್ಥಿ ಅದನ್ನು ನೋಡಬೇಕಾದರೆ ಲಂಡನ್ನಿಗೆ ವೀಸಾ ಪಡೆಯಬೇಕು.

ಇಷ್ಟನ್ನು ಹೇಳಿ ನಿಲ್ಲಿಸಿದರೆ ನಮಗೆ ಹಿತವಾದ ಅರ್ಧ ಕತೆ ಹೇಳಿದಂತಾಗುತ್ತದೆ. ಉಳಿದ ಅರ್ಧವನ್ನೂ ಹೇಳಬೇಕು. ಆ ಪುಸ್ತಕಗಳಲ್ಲಿ ಟಿಪ್ಪುವಾಗಲಿ ಹೈದರನಾಗಲಿ ಕೊಂಡು ತಂದವು ತೀರಾ ಕಡಿಮೆ, ಬಹುಪಾಲು ಸವಣೂರು, ಕಡಪ ಮತ್ತು ಕರ್ನಾಟಿಕ್ ಸೀಮೆಯ ದಂಡಯಾತ್ರೆಗಳಲ್ಲಿ ಬಂದವು ಎಂದು ಸ್ಟೀವರ್ಟ್ ಬರೆಯುತ್ತಾರೆ. ಅಂದರೆ ನವಾಬರ ಮನೆಗಳಿಂದ ಹೀಗೆ ಬಂದ ಪುಸ್ತಕಗಳು ಸುಲ್ತಾನನ ಮನೆಯಿಂದಲೂ ಹಾಗೆಯೇ ಹೋದವು. ಸವಣೂರಿನ ಪುಸ್ತಕ ಪ್ರೇಮಿಯೊಬ್ಬನಿಗೆ ಶ್ರೀರಂಗಪಟ್ಟಣವೂ ಕಲ್ಕತ್ತೆಯೂ ಅಷ್ಟೇ ದೂರ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಇನ್ನೊಂದು ಮಾತೂ ಇದೆ. ಕರ್ನಲ್ ವಿಲ್ಕ್ಸ್ 1810ರಿಂದ 1817ರ ನಡುವೆ ಪ್ರಕಟಿಸಿದ ಮೈಸೂರಿನ ಇತಿಹಾಸದಲ್ಲಿ, ಒಡೆಯರ ಅರಮನೆಯಲ್ಲಿದ್ದ ಓಲೆಗರಿಗಳನ್ನು ಕುದುರೆಗಳಿಗೆ ಹುರುಳಿ ಬೇಯಿಸಲು ಉರುವಲಾಗಿ ಬಳಸಲಾಯಿತೆಂದು ಹೇಳುತ್ತಾನೆ. ಹೇಳಿದವನು ಗೆದ್ದ ಕಡೆಯ ಅಧಿಕಾರಿ. ಸೋತ ದೊರೆಯನ್ನು ಅನಾಗರಿಕನೆಂದು ತೋರಿಸುವುದು ಆ ಕಾಲದ ಕಂಪನಿ ಬರಹಗಾರರಿಗೆ ಬೇಕಾಗಿತ್ತು. ಹಾಗೆಂದು ನಮಗೆ ಹಿಡಿಸದ ಮಾತೆಂಬ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕುವುದೂ ನ್ಯಾಯವಲ್ಲ. ಅದರ ಪಕ್ಕದಲ್ಲಿ ಬೇರೆ ಸಾಕ್ಷ್ಯಗಳನ್ನೂ ಇಟ್ಟು ತೂಗಬೇಕು. ಅಂಥ ಒಂದು ಸಾಕ್ಷ್ಯ ಶೃಂಗೇರಿ ಮಠದ ಕಡತಗಳಲ್ಲಿ ಸಿಕ್ಕಿತು. ಮಠದ ಸ್ವಾಮಿಗಳಿಗೆ ಟಿಪ್ಪು ಬರೆಸಿದ ಕನ್ನಡ ಪತ್ರಗಳನ್ನು ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು 1916ರಲ್ಲಿ ಬೆಳಕಿಗೆ ತಂದರು. ಸುಲ್ತಾನನ ಫಾರಸಿ ಪುಸ್ತಕಗಳು ನಾಡು ಬಿಟ್ಟು ಹೋದವು. ಅವನ ಕನ್ನಡದ ಮಾತುಗಳು ನೂರಿಪ್ಪತ್ತಕ್ಕೂ ಹೆಚ್ಚು ವರ್ಷ ಒಂದು ಮಠದ ಆಶ್ರಯದಲ್ಲಿ ಉಳಿದವು.

ಜ್ಯುಬಿಲಿಗೆ ಕಟ್ಟಿದ ಮನೆ

ಬುಲೆವಾರ್ಡಿನ ಕಟ್ಟಡ ಎದ್ದದ್ದು ಪುಸ್ತಕಕ್ಕಾಗಿ ಅಲ್ಲ, ರಾಣಿಗಾಗಿ. ವಿಕ್ಟೋರಿಯಾ ಪಟ್ಟಕ್ಕೆ ಬಂದು ಐವತ್ತು ವರ್ಷವಾದ ನೆನಪಿಗೆ 1887ರಲ್ಲಿ ಅದಕ್ಕೆ ಅಡಿಗಲ್ಲು ಬಿತ್ತು. ಜನ ಅದನ್ನು ಜ್ಯುಬಿಲಿ ಹಾಲ್ ಎಂದು ಕರೆದರು. ಆಗ ಗದ್ದುಗೆಯ ಮೇಲಿದ್ದವರು ಹತ್ತನೆಯ ಚಾಮರಾಜ ಒಡೆಯರು. ಐವತ್ತು ವರ್ಷ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿದ್ದ ರಾಜ್ಯ 1881ರಲ್ಲಷ್ಟೇ ಮನೆತನಕ್ಕೆ ಮರಳಿತ್ತು. ಕೊಟ್ಟವರಿಗೆ ಕೃತಜ್ಞತೆ ತೋರಿಸುವ ಕಟ್ಟಡಗಳು ಆ ಕಾಲದ ಮೈಸೂರಿನಲ್ಲಿ ಹಲವು ಎದ್ದವು. ಇದರಲ್ಲಿಯೂ ಗ್ರೀಕ್ ರೋಮನ್ ಮಾದರಿಯ ಕಂಬಗಳು, ಅರ್ಧವೃತ್ತದ ಕಮಾನುಗಳು, ಗೋಡೆಯ ಮೇಲ್ಭಾಗದಲ್ಲಿ ಕೆತ್ತನೆಯ ಪಟ್ಟಿ ಇವೆ.

ಅಂಥ ಕಟ್ಟಡದೊಳಗೆ ನಾಡಿನ ಓಲೆಗರಿಗಳನ್ನು ತಂದಿಡುವ ಬುದ್ಧಿ ಬಂದದ್ದು ದೊಡ್ಡ ವಿಷಯ. 1891ರಲ್ಲಿ ಸರ್ಕಾರಿ ಓರಿಯಂಟಲ್ ಲೈಬ್ರರಿ ಆರಂಭವಾಯಿತು. ಬಿ.ಎಲ್. ರೈಸ್ ಆಗಲೇ ಶಾಸನಗಳನ್ನೂ ಹಳಗನ್ನಡ ಕಾವ್ಯಗಳನ್ನೂ ಅಚ್ಚಿಗೆ ತರುತ್ತಿದ್ದರು. ಊರೂರ ಪಂಡಿತರ ಅಟ್ಟದ ಮೇಲೆ ಹೊಗೆ ಹಿಡಿಯುತ್ತಿದ್ದ ಸಂಸ್ಕೃತ, ಕನ್ನಡ ಗ್ರಂಥಗಳನ್ನು ಕೂಡಿಸುವುದು, ಸಂಪಾದಿಸುವುದು, ಅಚ್ಚು ಮಾಡುವುದು ಲೈಬ್ರರಿಯ ಕೆಲಸವಾಯಿತು. ಕನ್ನಡ, ಗ್ರಂಥ, ನಂದಿನಾಗರಿ, ತಿಗಳಾರಿ, ತೆಲುಗು ಹೀಗೆ ಹಲವು ಲಿಪಿಗಳ ಕಟ್ಟುಗಳು ಬಂದು ಸೇರಿದವು.

ಓಲೆಗರಿಯನ್ನು ಕಾಯುವುದು ಸುಲಭದ ಕೆಲಸವಲ್ಲ. ತಾಳೆಯ ಗರಿಯನ್ನು ಬೇಯಿಸಿ, ಒಣಗಿಸಿ, ನಯ ಮಾಡಿ, ಕಬ್ಬಿಣದ ಕಂಠದಿಂದ ಕೊರೆದು ಬರೆಯುತ್ತಾರೆ. ಕೊರೆದ ಗೀರಿಗೆ ಮಸಿ ಉಜ್ಜಿದರಷ್ಟೇ ಅಕ್ಷರ ಕಣ್ಣಿಗೆ ಕಾಣುತ್ತದೆ. ವರ್ಷಗಳು ಕಳೆದಂತೆ ಮಸಿ ಮಾಸುತ್ತದೆ, ಗರಿ ಒಣಗಿ ಮುರಿಯುತ್ತದೆ, ಹುಳು ತೂತು ಕೊರೆಯುತ್ತದೆ. ಆಗಾಗ ಬಿಚ್ಚಿ, ಒರೆಸಿ, ಹುಲ್ಲಿನ ಎಣ್ಣೆ ಸವರಿ, ಮತ್ತೆ ಮಸಿ ತುಂಬಿ ಕಟ್ಟಬೇಕು. ಕೈ ಬಿಟ್ಟರೆ ಒಂದೆರಡು ತಲೆಮಾರಿನಲ್ಲಿ ಕಟ್ಟು ಪುಡಿಯಾಗುತ್ತದೆ. ಬೆಂಕಿ ಇಟ್ಟು ಸುಟ್ಟ ಪುಸ್ತಕಗಳಿಗಿಂತ ಹೀಗೆ ಸದ್ದಿಲ್ಲದೆ ಪುಡಿಯಾದ ಪುಸ್ತಕಗಳೇ ನಮ್ಮ ದೇಶದಲ್ಲಿ ಹೆಚ್ಚಿರಬೇಕು.

ಅದೇ 1891ರಲ್ಲಿ ದೂರದ ಪಟ್ನಾದಲ್ಲಿ ಇನ್ನೊಂದು ಓರಿಯಂಟಲ್ ಲೈಬ್ರರಿ ಜನರಿಗೆ ಬಾಗಿಲು ತೆರೆಯಿತು. ಅಲ್ಲಿನ ವಕೀಲ ಖುದಾ ಬಕ್ಷ್ ಅವರಿಗೆ ತಂದೆಯಿಂದ ಬಂದದ್ದು ಸುಮಾರು 1400 ಹಸ್ತಪ್ರತಿಗಳು. ಇವನ್ನು ಬೆಳೆಸಿ ಸಾರ್ವಜನಿಕರಿಗೆ ಬಿಟ್ಟುಕೊಡು ಎಂಬುದು ತಂದೆಯ ಕೊನೆಯ ಆಸೆ. ಮಗ ಅದನ್ನು ಸುಮಾರು 4000ಕ್ಕೆ ಬೆಳೆಸಿ, ಸ್ವಂತ ಹಣದಿಂದ ಕಟ್ಟಡ ಕಟ್ಟಿಸಿ, ಎಲ್ಲವನ್ನೂ ಟ್ರಸ್ಟಿಗೆ ಬರೆದುಕೊಟ್ಟರು. 1969ರಲ್ಲಿ ಸಂಸತ್ತು ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಕಾನೂನು ಮಾಡಿತು. ಒಂದೇ ವರ್ಷ ಮೈಸೂರಿನಲ್ಲಿ ಒಬ್ಬ ದೊರೆ, ಪಟ್ನಾದಲ್ಲಿ ಒಬ್ಬ ವಕೀಲ. ಸಂಸ್ಕೃತ ಕನ್ನಡದ ಮನೆ ಒಂದು, ಅರಬ್ಬಿ ಫಾರಸಿಯ ಮನೆ ಇನ್ನೊಂದು. ಇಬ್ಬರದೂ ಒಂದೇ ಚಿಂತೆ: ಮನೆಯೊಳಗಿನ ವಿದ್ಯೆ ಬೀದಿಗೆ ಹೇಗೆ ಬರಬೇಕು?

ತಂಜಾವೂರಿನಿಂದ ಬಂದ ಕಟ್ಟು

ಲೈಬ್ರರಿಯ ಬಾಗಿಲು ತೆರೆದಿತ್ತು ಎಂಬ ಕಾರಣದಿಂದಲೇ 1905ರ ಘಟನೆ ನಡೆಯಿತು. ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು ಗ್ರಂಥ ಲಿಪಿಯ ಓಲೆಗರಿಯ ಕಟ್ಟೊಂದನ್ನು ತಂದು ಲೈಬ್ರರಿಗೆ ಒಪ್ಪಿಸಿದರು. ಜೊತೆಗೆ ಭಟ್ಟಸ್ವಾಮಿ ಎಂಬಾತನ ವ್ಯಾಖ್ಯಾನದ ಒಂದು ಭಾಗವೂ ಇತ್ತು. ಲೈಬ್ರರಿಯನ್ ಆಗಿದ್ದವರು ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು. ಓದುತ್ತ ಹೋದಂತೆ ಅದು ಕೌಟಿಲ್ಯನ ಅರ್ಥಶಾಸ್ತ್ರ ಎಂದು ಅವರಿಗೆ ತಿಳಿಯಿತು. ದಂಡಿ, ಬಾಣ ಮುಂತಾದವರು ಹೆಸರಿಸಿದ್ದ, ಆದರೆ ಪೂರ್ತಿ ಪಠ್ಯ ವಿದ್ವಾಂಸರ ಕೈಗೆ ಸಿಗದಿದ್ದ ಗ್ರಂಥ ಅದು.

ಶಾಸ್ತ್ರಿಗಳು ಅದನ್ನು ಕಪಾಟಿನಲ್ಲಿ ಇಟ್ಟು ಬೀಗ ಹಾಕಲಿಲ್ಲ. ಭಾಗ ಭಾಗವಾಗಿ ಇಂಗ್ಲಿಷಿಗೆ ಅನುವಾದಿಸಿ ಪತ್ರಿಕೆಗಳಲ್ಲಿ ಪ್ರಕಟಿಸಿದರು. 1909ರಲ್ಲಿ ಮೂಲ ಸಂಸ್ಕೃತ ಪಠ್ಯ ಮೈಸೂರಿನಲ್ಲೇ ಅಚ್ಚಾಯಿತು. 1915ರಲ್ಲಿ ಪೂರ್ತಿ ಇಂಗ್ಲಿಷ್ ಅನುವಾದ ಜೆ.ಎಫ್. ಫ್ಲೀಟ್ ಅವರ ಮುನ್ನುಡಿಯೊಂದಿಗೆ ಹೊರಬಂತು. ಭಾರತೀಯರಿಗೆ ವೇದಾಂತ ಗೊತ್ತು, ರಾಜ್ಯ ನಡೆಸುವ ಶಾಸ್ತ್ರ ಗೊತ್ತಿಲ್ಲ ಎಂದು ಹೇಳುತ್ತಿದ್ದ ಯುರೋಪಿನ ಪಂಡಿತರು ತೆರಿಗೆ, ಗಣಿ, ಬೇಹುಗಾರಿಕೆ, ತೂಕ ಅಳತೆ, ಕೂಲಿಯ ಬಗ್ಗೆಲ್ಲ ವಿವರವಾಗಿ ಬರೆದ ಈ ಪುಸ್ತಕವನ್ನು ಕಂಡು ತಮ್ಮ ಮಾತು ತಿದ್ದಿಕೊಳ್ಳಬೇಕಾಯಿತು.

ಇಲ್ಲಿ ನಮ್ಮನ್ನು ಹಿಡಿದು ನಿಲ್ಲಿಸುವುದು ಆ ತಂಜಾವೂರಿನ ಪಂಡಿತರು. ಜನರ ನೆನಪಿನಲ್ಲಿ ಅವರ ಹೆಸರಿಲ್ಲ, ಊರಿನ ಗುರುತಷ್ಟೇ ಇದೆ. ಅವರು ಮೈಸೂರು ರಾಜ್ಯದ ಪ್ರಜೆಯಲ್ಲ, ಮದರಾಸು ಪ್ರಾಂತದವರು. ಯಾರೂ ಅವರ ಮನೆಗೆ ಸಿಪಾಯಿಗಳನ್ನು ಕಳಿಸಿರಲಿಲ್ಲ. 1799ರಲ್ಲಿ ಪುಸ್ತಕಗಳು ಗೆದ್ದವನ ಹಿಂದೆ ಹೋದವು. 1905ರಲ್ಲಿ ಒಂದು ಪುಸ್ತಕ ತಾನಾಗಿ ನಡೆದು ಬಂತು. ಶ್ರೀರಂಗಪಟ್ಟಣದ 2000 ಸಂಪುಟಗಳಿಗೂ ಬುಲೆವಾರ್ಡಿನ ಆ ಒಂದು ಕಟ್ಟಿಗೂ ಇರುವ ವ್ಯತ್ಯಾಸ ಅದು. ಇಲ್ಲಿ ಇಟ್ಟರೆ ಉಳಿಯುತ್ತದೆ, ಓದುವವರ ಕೈಗೆ ಸಿಗುತ್ತದೆ ಎಂಬ ನಂಬಿಕೆಯೇ ಗ್ರಂಥಾಲಯದ ನಿಜವಾದ ಅಡಿಗಲ್ಲು.

1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಲೈಬ್ರರಿ ಅದರ ಅಂಗವಾಯಿತು. 1943ರಲ್ಲಿ ಹೆಸರು ಬದಲಾಗಿ ಸಂಶೋಧನಾಲಯವೆನಿಸಿತು. 1966ರಲ್ಲಿ ಮಾನಸಗಂಗೋತ್ರಿಯಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಆರಂಭವಾದ ಮೇಲೆ ಕನ್ನಡದ ಕೆಲಸ ಅಲ್ಲಿಗೆ ಹೋಯಿತು. ಹಳೆಯ ಕಟ್ಟಡದಲ್ಲಿ ಸಂಸ್ಕೃತದ ಕಟ್ಟುಗಳು ಉಳಿದವು.

ಗಡಿಯಾಚೆ ಉಳಿದ ಕೊಳ್ಳೇಗಾಲ

ಧನಗೆರೆಯಂಥ ಊರಿನಲ್ಲಿ ನಿಂತು ನೋಡಿದರೆ ಈ ಚರಿತ್ರೆಗೆ ಇನ್ನೊಂದು ಮುಖ ಕಾಣುತ್ತದೆ. ಟಿಪ್ಪು ಬಿದ್ದ 1799ರಲ್ಲಿ ಪುಸ್ತಕಗಳ ಹಾಗೆ ಕೊಳ್ಳೇಗಾಲವೂ ಪಾಲಾಯಿತು. ಕೊಯಮತ್ತೂರಿನ ಜೊತೆ ಕಂಪನಿಗೆ ಸೇರಿ, ಮದರಾಸು ಪ್ರಾಂತದ ಒಂದು ತಾಲ್ಲೂಕಾಗಿ 1956ರವರೆಗೆ ಉಳಿಯಿತು. ಪಕ್ಕದ ಯಳಂದೂರು ಮಾತ್ರ ಮೈಸೂರಿನಲ್ಲೇ ಇತ್ತು. ಟಿಪ್ಪುವಿನ ಬಳಿ ಇದ್ದು ಆಮೇಲೆ ಒಡೆಯರ ದಿವಾನರಾದ ಪೂರ್ಣಯ್ಯನವರಿಗೆ 1807ರಲ್ಲಿ ಅದು ಜಹಗೀರಾಗಿ ಸಿಕ್ಕಿತು. ನೆಂಟರು ಆಚೆ ಈಚೆ, ಸಂತೆ ಆಚೆ ಈಚೆ, ಆದರೆ ಕಚೇರಿ ಮಾತ್ರ ಬೇರೆ ಬೇರೆ. 157 ವರ್ಷ ಹೀಗೆ ನಡೆಯಿತು.

ಇದರಿಂದ ಪುಸ್ತಕಗಳಿಗೇನಾಯಿತು? ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಯಳಂದೂರಿನ ಶಾಸನಗಳಿವೆ, ಕೊಳ್ಳೇಗಾಲದವು ಇಲ್ಲ. ಕಲ್ಲುಗಳು ಕನ್ನಡದವೇ ಆಗಿದ್ದರೂ ಅವು ನಿಂತಿದ್ದ ನೆಲ ಮದರಾಸಿನದು. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ 1970ರ ದಶಕದಲ್ಲಿ ಆ ಸಂಪುಟಗಳನ್ನು ಪರಿಷ್ಕರಿಸಿ ಹೊರತಂದಾಗಲೇ ಕೊಳ್ಳೇಗಾಲಕ್ಕೆ ಅವುಗಳಲ್ಲಿ ಜಾಗ ಸಿಕ್ಕಿತು. ಗ್ರಂಥಾಲಯದ ಕಪಾಟಿನಲ್ಲಿ ಏನಿದೆ ಎಂಬುದನ್ನು ವಿದ್ವಾಂಸರಷ್ಟೇ ಅಲ್ಲ, ಗಡಿ ಗೆರೆ ಎಳೆದವರೂ ನಿರ್ಧರಿಸಿರುತ್ತಾರೆ.

ಜಾತಿಯೂ ನಿರ್ಧರಿಸಿರುತ್ತದೆ. ಯಳಂದೂರಿನ ಸಂಚಿಯ ಹೊನ್ನಮ್ಮ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸೇವೆಗಿದ್ದು ‘ಹದಿಬದೆಯ ಧರ್ಮ’ ಬರೆದಳು. ಅದು ಬರಹದಲ್ಲಿ ಉಳಿದು ನಮಗೆ ತಲುಪಿತು. ಆದರೆ ಈ ಸೀಮೆಯ ದೊಡ್ಡ ಕಾವ್ಯಗಳು ಓಲೆಯ ಮೇಲೆ ಇರಲಿಲ್ಲ. ಮಲೆಯ ಮಾದೇಶ್ವರನ ಕತೆ ಕಂಸಾಳೆ ಹಿಡಿದ ದೇವರಗುಡ್ಡರ ಗಂಟಲಲ್ಲಿತ್ತು. ಮಂಟೇಸ್ವಾಮಿ, ಸಿದ್ಧಪ್ಪಾಜಿಯರ ಕತೆ ನೀಲಗಾರರ ತಂಬೂರಿಯಲ್ಲಿತ್ತು. ರಾತ್ರಿಗಟ್ಟಲೆ ಹಾಡಿದರೂ ಮುಗಿಯದ ಈ ಕಾವ್ಯಗಳಿಗೆ ಜ್ಯುಬಿಲಿ ಹಾಲಿನಲ್ಲಿ ಜಾಗವಿರಲಿಲ್ಲ. ಚಿಕ್ಕಲ್ಲೂರು ಜಾತ್ರೆಯಲ್ಲಿ ಜಾತಿ ಮತ ನೋಡದೆ ಸಾಲಾಗಿ ಕೂತು ಉಣ್ಣುವ ಪಂಕ್ತಿಸೇವೆಯ ಸುದ್ದಿ ಯಾವ ಪಂಡಿತರ ಕಿವಿಗೂ ಗ್ರಂಥವಾಗಿ ಕೇಳಿಸಿರಲಿಲ್ಲ.

ಅದಕ್ಕೆ ಜಾಗ ಸಿಕ್ಕಿದ್ದು ವಿಶ್ವವಿದ್ಯಾಲಯದ ಇನ್ನೊಂದು ಕಟ್ಟಡದಲ್ಲಿ. 1905ರಲ್ಲಿ ಚಾಮರಾಜ ಒಡೆಯರ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರಿಗಾಗಿ ಕಟ್ಟಿದ ಜಯಲಕ್ಷ್ಮೀವಿಲಾಸ ಅರಮನೆಯನ್ನು ಕುವೆಂಪು ಕುಲಪತಿಗಳಾಗಿದ್ದ ಕಾಲದಲ್ಲಿ, 1959ರಲ್ಲಿ, ವಿಶ್ವವಿದ್ಯಾಲಯ ಕೊಂಡಿತು. ಮರುವರ್ಷ ಅದರ ಸುತ್ತ ಮಾನಸಗಂಗೋತ್ರಿ ಬೆಳೆಯತೊಡಗಿತು. 1968ರಲ್ಲಿ ಅಲ್ಲಿ ಜಾನಪದ ವಸ್ತುಸಂಗ್ರಹಾಲಯ ಆರಂಭವಾಯಿತು. ಜೀ.ಶಂ. ಪರಮಶಿವಯ್ಯ, ಪಿ.ಆರ್. ತಿಪ್ಪೇಸ್ವಾಮಿ ಮುಂತಾದವರು ಹಳ್ಳಿ ಹಳ್ಳಿ ಸುತ್ತಿ ಅದನ್ನು ತುಂಬಿದರು. ಪಿ.ಕೆ. ರಾಜಶೇಖರ ಅವರು ಸಂಪಾದಿಸಿದ ಮಾದೇಶ್ವರ ಕಾವ್ಯ 1973ರಲ್ಲಿ ಅಚ್ಚಾಯಿತು. ರಾಜಕುಮಾರಿಯ ಅರಮನೆಯೊಳಗೆ ಒಕ್ಕಲಿನ ಕುಂಟೆ ಕೂರಿಗೆ, ಜೋಗಿಯ ಕಿನ್ನರಿ, ತೊಗಲು ಗೊಂಬೆಗಳು ಬಂದು ನಿಂತವು. ಕಟ್ಟಡಕ್ಕೆ ಹೊಸ ಅರ್ಥ ಬರುವುದು ಹೀಗೆ.

ಉಳಿದಿರುವ ಪ್ರಶ್ನೆ

ಹಳೆಯ ಕಟ್ಟಡಗಳು ತಾವಾಗಿ ನಿಲ್ಲುವುದಿಲ್ಲ. 2012ರ ಆಗಸ್ಟಿನಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ಹಳೆಯ ಪುಸ್ತಕಗಳ ಅಂಗಡಿಗಳಿದ್ದ ಸಾಲು ಅದು. ಬಡ ವಿದ್ಯಾರ್ಥಿಗಳು ಅರ್ಧ ಬೆಲೆಗೆ ಪಠ್ಯಪುಸ್ತಕ ಕೊಳ್ಳುತ್ತಿದ್ದುದು ಅಲ್ಲಿ. 2022ರ ಅಕ್ಟೋಬರಿನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಭಾಗ ಕುಸಿಯಿತು. ಓಲೆಗರಿಗೆ ಎಣ್ಣೆ ಸವರಿದಂತೆ ಗೋಡೆಗೂ ಗಾರೆ ಮೆತ್ತುತ್ತಿರಬೇಕು. ಉದ್ಘಾಟನೆಗೆ ಸಿಗುವ ಹಣ ದುರಸ್ತಿಗೆ ಸಿಗುವುದಿಲ್ಲ.

2021ರ ಏಪ್ರಿಲಿನಲ್ಲಿ ಮೈಸೂರಿನ ರಾಜೀವನಗರದಲ್ಲಿ ಇನ್ನೊಂದು ಲೈಬ್ರರಿ ಬೆಂಕಿಗೆ ಬಿತ್ತು. ಅದನ್ನು ಕಟ್ಟಿದ್ದು ದೊರೆಯೂ ಅಲ್ಲ, ವಕೀಲನೂ ಅಲ್ಲ, ಶಾಲೆಯ ಮುಖ ಸರಿಯಾಗಿ ಕಾಣದ ಒಬ್ಬ ಮುಸ್ಲಿಂ ಕೂಲಿಕಾರ. ತಾನು ಓದಲಾಗದಿದ್ದರೂ ನೆರೆಯವರು ಓದಲಿ ಎಂದು ಶೆಡ್ಡೊಂದರಲ್ಲಿ ಅವರು ಕೂಡಿಸಿದ್ದ ಪುಸ್ತಕಗಳು 11,000 ದಾಟಿದ್ದವು. ಹೆಚ್ಚಿನವು ಕನ್ನಡದವು. ಭಗವದ್ಗೀತೆಯೂ ಇತ್ತು, ಕುರ್‌ಆನ್ ಕೂಡ ಇತ್ತು. ಬೂದಿಯ ಎದುರು ನಿಂತ ಅವರಿಗೆ ನಾಡಿನ ಎಲ್ಲ ಕಡೆಯಿಂದ ಜಾತಿ ಧರ್ಮ ಕೇಳದೆ ಜನ ಪುಸ್ತಕ ಮತ್ತು ಹಣ ಕಳಿಸಲು ಮುಂದಾದರು. ತಂಜಾವೂರಿನ ಪಂಡಿತರ ಸಂತತಿ ಇನ್ನೂ ಇದೆ ಎಂದು ಆಗ ನಮಗನ್ನಿಸಿತು.

ನಮ್ಮ ಜಿಲ್ಲೆಗೆ 2023ರಲ್ಲಿ ಚಾಮರಾಜನಗರ ವಿಶ್ವವಿದ್ಯಾಲಯ ಬಂತು. 2025ರಲ್ಲಿ ಸಂಪುಟದ ಉಪಸಮಿತಿ ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚಬಹುದೆಂದಾಗ ಆ ಪಟ್ಟಿಯಲ್ಲಿ ನಮ್ಮದೂ ಇತ್ತು. ಅದರ ಹಣೆಬರಹ ಏನೇ ಆಗಲಿ, ಕೊಳ್ಳೇಗಾಲ, ಹನೂರು, ಯಳಂದೂರಿನ ಮಕ್ಕಳಿಗೆ ಹತ್ತಿರದಲ್ಲಿ ಒಂದು ಒಳ್ಳೆಯ ಗ್ರಂಥಾಲಯ ಬೇಕು. ಅಲ್ಲಿ ಮಾದೇಶ್ವರನ ಹಾಡಿನ ಧ್ವನಿಮುದ್ರಣವಿರಬೇಕು, ಕೊಳ್ಳೇಗಾಲದ ಶಾಸನಗಳ ಸಂಪುಟವಿರಬೇಕು, ಕಲ್ಕತ್ತೆ ಲಂಡನ್ನುಗಳಲ್ಲಿರುವ ಶ್ರೀರಂಗಪಟ್ಟಣದ ಪುಸ್ತಕಗಳ ಪ್ರತಿಗಳೂ ಇರಬೇಕು. ಪ್ರತಿ ತೆಗೆಯುವ ಯಂತ್ರಗಳಿರುವ ಈ ಕಾಲದಲ್ಲಿ ಅದು ಆಗದ ಕೆಲಸವಲ್ಲ. ಕೇಳುವವರು ಬೇಕು ಅಷ್ಟೆ.

ಕೇಳುವ ಮೊದಲು ಕೊಡುವುದೂ ಇದೆ. ನಮ್ಮ ಎಷ್ಟೋ ಮನೆಗಳ ಪೆಟ್ಟಿಗೆಗಳಲ್ಲಿ ಅಜ್ಜನ ಕಾಲದ ಉರ್ದು ಫಾರಸಿ ಪುಸ್ತಕಗಳಿವೆ, ನಿಕಾಹ್‌ನಾಮೆಗಳಿವೆ, ಜಮೀನಿನ ಪತ್ರಗಳಿವೆ, ಯುನಾನಿ ಔಷಧದ ಟಿಪ್ಪಣಿಗಳಿವೆ. ಓದಲು ಬರುವ ಹಿರಿಯರು ಒಬ್ಬೊಬ್ಬರೇ ಕಣ್ಮರೆಯಾಗುತ್ತಿದ್ದಾರೆ. ಮೊಮ್ಮಕ್ಕಳಿಗೆ ಲಿಪಿ ಗೊತ್ತಿಲ್ಲ. ಪವಿತ್ರ ಅಕ್ಷರವಿರಬಹುದೆಂದು ಹೆದರಿ ಕೆಲವರು ಅವನ್ನು ಬಟ್ಟೆಯಲ್ಲಿ ಸುತ್ತಿ ಹೊಳೆಗೆ ಬಿಡುತ್ತಾರೆ. ಭಕ್ತಿಯಿಂದ ಬಿಟ್ಟರೂ ಹೊಳೆ ಪಾಲಾದ ಪುಸ್ತಕ ಹಿಂದಿರುಗಿ ಬರುವುದಿಲ್ಲ. ಹೊಳೆಗೆ ಬಿಡುವ ಮೊದಲು ಅವನ್ನು ಓದಬಲ್ಲ ಒಬ್ಬರಿಗೆ ತೋರಿಸೋಣ. ಮಾನಸಗಂಗೋತ್ರಿಯಲ್ಲಿ ಉರ್ದು ವಿಭಾಗವಿದೆ, ಬುಲೆವಾರ್ಡಿನಲ್ಲಿ ಹಸ್ತಪ್ರತಿ ಕಾಯುವ ಕಲೆ ಬಲ್ಲ ಸಂಸ್ಥೆಯಿದೆ. ಕೊಳ್ಳೇಗಾಲದಿಂದ ಮೈಸೂರಿಗೆ ಬಸ್ಸಿನಲ್ಲಿ ಎರಡು ತಾಸಿನ ದಾರಿ. ತಂಜಾವೂರಿನಿಂದ ಬಂದವರ ದಾರಿ ಅದಕ್ಕಿಂತ ಬಹಳ ದೂರವಿತ್ತು.